ಅಥಣಿ ಚಪ್ಪಲಿ ರಿವ್ಯೂ: ನಾಕು ಸ್ಟಾರ್, ಐದನೇದು ನನ್ನ ಹೆಬ್ಬಟ್ಟ ಕಟ್ ಮಾಡೈತಿ

ಐದಕ್ಕ ನಾಕು ಸ್ಟಾರ್ ಕೊಟ್ಟೇನಿ. ಒಂದು ಯಾಕ ಕಡಿಮಿ ಅಂತ ಕೇಳೂದಿದ್ರ ನನ್ನ ಎಡಗಾಲಿನ ಹೆಬ್ಬಟ್ಟಿಗೇ ಕೇಳ್ರಿ, ಅಲ್ಲಿ ಇನ್ನೂ ಕಲೆ ಐತಿ. ತಗೊಂಡ ಎರಡು ದಿನಕ್ಕ ಬರದ ರಿವ್ಯೂ ಅಲ್ಲ ಮತ್ತ ಇದು, ಒಂದು ವರ್ಷದ ಮ್ಯಾಲ ಹಾಕ್ಕೊಂಡು ಆಫೀಸಿಗೆ, ಬೆಳಗಾವಿ ಶನಿವಾರ ಖೂಟದ ಬಜಾರಕ್ಕ, ಊರಿಗೆ ಹೋದಾಗ ಹೊಲಕ್ಕ, ಎಲ್ಲಾ ಕಡೆ ತಿರುಗಾಡಿ ಆದಮ್ಯಾಲ ಬರೀಲಿಕ್ಕ ಹತ್ತೇನಿ. ಆದ್ರ ಖರೇ ಪರೀಕ್ಷಾ ಆಗಿದ್ದು ಕಾಲಿಗೆ ಹಾಕಿದ ಮೊದಲನೇ ದಿನಾನ, ಗೋವಾ ಹಾದ್ಯಾಗ ಚೋರ್ಲಾ ಘಾಟ್ ಇಳಿಯೋವಾಗ. ಹೊಸಾ ಚಪ್ಪಲಿ, ಒಂದ ಹನಿ ಎಣ್ಣಿ ಕಾಣದ ಚಪ್ಪಲಿ, ಅದೂ ನನ್ನದಲ್ಲ, ಬ್ಯಾರೆಯವರಿಗೆ ಕೊಡಾಕ ಅಂತ ತಂದದ್ದು.

ನಾ ಜಮಖಂಡಿ ಕಡೆಯಾಂವ, ನೌಕರಿ ಅಂತ ಬೆಳಗಾವಿಗೆ ಬಂದು ಹನ್ನೊಂದು ವರ್ಷ ಆತು. ನನ್ನ ದೋಸ್ತ ಇಲ್ಲೀ ಕ್ಯಾಂಪ್ (ದಂಡಿನ ಏರಿಯಾ) ಕಡೆಯಾಂವ, ಕ್ಯಾಥೋಲಿಕ್ ಮಂದಿ, ನಮ್ಮ ಜೋಡಿ ಕನ್ನಡ, ಬಜಾರದಾಗ ಮರಾಠಿ, ಮನ್ಯಾಗ ಮತ್ತ ದೇವರ ಮುಂದ ಕೊಂಕಣಿ. 2024ರಾಗ ಓಲ್ಡ್ ಗೋವಾದಾಗ ಸಂತ ಫ್ರಾನ್ಸಿಸ್ ಜೇವಿಯರ್ ದೇಹದ ದರ್ಶನ ಇತ್ತಲ್ಲ, ಹತ್ತು ವರ್ಷಕ್ಕೊಮ್ಮೆ ಆಗತೈತಿ, ನವೆಂಬರ್ 21ರಿಂದ ಮುಂದಿನ ಜನವರಿ 5ರ ತನಕ. ಅವರು ಅವಗ ಗೋಂಯ್ಚೊ ಸಾಯಬ ಅಂತಾರ, ಗೋವಾದ ಸಾಹೇಬ. ನನ್ನ ದೋಸ್ತ ಏನೋ ಹರಕಿ ಹೊತ್ತಿದ್ದ, ಏನಂತ ನಾ ಕೇಳಲಿಲ್ಲ ಅವನೂ ಹೇಳಲಿಲ್ಲ, ನಡಕೋತ ಹೋಗೋದೈತಿ ನೀನೂ ಬರ್ತೀ ಏನ ಅಂದ. ನಾ ಎರಡು ಸಲ ಶ್ರೀಶೈಲಕ್ಕ ನಡದಾಂವ, ಕಂಬಿ (ಭಕ್ತರು ಹೆಗಲ ಮ್ಯಾಲ ಹೊರೋ ಮಲ್ಲಯ್ಯನ ಕಾವಡಿ) ಜೋಡಿ, ಬ್ಯಾಸಗಿ ಬಿಸಲಾಗ, ಭೀಮನಕೊಳ್ಳ ಇಳಿದು ಹತ್ತಿದಾಂವ. ಅಂಥಾವಗ ಗೋವಾ ಯಾವ ಲೆಕ್ಕ, ನೂರು ಚಿಲ್ಲರೆ ಕಿಲೋಮೀಟರ್, ಅದೂ ಥಂಡಿ ದಿನ ಅಂತ ಹೂಂ ಅಂದ್ಬಿಟ್ಟೆ. ಈ ಸೊಕ್ಕು ಎಲ್ಲಿ ಇಳೀತು ಅನ್ನೋದು ಮುಂದ ಬರತೈತಿ.

ಸೊಕ್ಕಿನ ಜೋಡಿ ಒಂದು ಶೂನೂ ತಗೊಂಡೆ. ಅಂಗಡಿ ಹೆಸರು, ಕಂಪನಿ ಹೆಸರು ಬ್ಯಾಡ, ಸುಮ್ನ ಜಗಳ ಯಾಕ. ಟ್ರೆಕ್ಕಿಂಗ್ ಶೂ, 4,600 ರೂಪಾಯಿ, ಸೇಲ್ಸ್‌ನ ಹುಡುಗ ಸರ್ ಇದನ್ನ ಹಾಕ್ಕೊಂಡು ಹಿಮಾಲಯ ಹತ್ತಬಹುದು ಅಂದ. ಹೊಂಡೋದಕ್ಕ ಎರಡು ದಿನ ಮೊದಲ ತಗೊಂಡಿದ್ದು, ತಪ್ಪು ಅರ್ಧ ನಂದೂ ಐತಿ ಒಪ್ಕೋತೀನಿ. ಮೊದಲನೇ ದಿನ ಜಾಂಬೋಟಿ ತನಕ ಏನೂ ಆಗಲಿಲ್ಲ, ನಾ ದೋಸ್ತನ ಕಾಲ ಕಡೆ ನೋಡಿ ನಗತಿದ್ದೆ, ಅವನ ಕಾಲಾಗ ಮೂರು ವರ್ಷದ ಹಳೇ ಅಥಣಿ ಚಪ್ಪಲಿ, ಕರ್ರಗ ಆಗಿ ಥೇಟ್ ಹುರದ ಬದನಿಕಾಯಿ ಸಿಪ್ಪಿ ಇದ್ದಂಗ. ಎರಡನೇ ದಿನ ಕಣಕುಂಬಿ ಇನ್ನೂ ದೂರ ಇರೋವಾಗನ ಎರಡೂ ಹಿಮ್ಮಡಕ್ಕ ಗುಳ್ಳಿ ಎದ್ದು, ಒಡದು, ಸಾಕ್ಸಿಗೆ ಅಂಟಿ, ಮ್ಯಾಲ ಬಲಗಾಲಿನ ಶೂದ ಸೋಲ್ ಮುಂದಿಂದ ಬಾಯಿ ತಗೀತು. ಸುತಳಿ ಕಟ್ಟಿದೆ. ಸುತಳಿ ಹರೀತು. ಆಮ್ಯಾಲೆ ಆ ಅಂಗಡಿಗೆ ವಾಪಸ್ ಕೊಡಾಕ ಹೋದಾಗ ಏನಂದ್ರು ಗೊತ್ತೇನ್ರಿ, ಸರ್ ವಾರಂಟಿ ನಾರ್ಮಲ್ ಯೂಸ್‌ಗೆ ಅಷ್ಟ, ಟ್ರೆಕ್ಕಿಂಗ್ ಮಾಡಿದ್ರ ಬರೂದಿಲ್ಲ ಅಂತ. ಟ್ರೆಕ್ಕಿಂಗ್ ಶೂ!

ಕಣಕುಂಬಿ ಅಂದ್ರ ನಮ್ಮ ಮಲಪ್ರಭಾ ಹುಟ್ಟೋ ಜಾಗ, ಮಾವುಲಿ ಗುಡಿ ಹತ್ರ. ಸಂಜಿಮುಂದ ಕುಂಟಕೋತ ಹೋಗಿ ಕೈಮುಗದು ಬಂದೆ, ಕೂಡಲಸಂಗಮದಾಗ ಹೊಟ್ಟಿ ತುಂಬಿ ಹರದು ಕೃಷ್ಣೆಗೆ ಕೂಡೋ ಹೊಳಿ ಇಲ್ಲಿ ಹುಟ್ಟೋದು ನೋಡಿದ್ರ ನಂಬಿಕಿ ಬರೂದಿಲ್ಲ. ಇದೇ ಊರ ಕಡೆ ಕಳಸಾ ನಾಲಾ, ನೀರಿನ ಸಲುವಾಗಿ ಗೋವಾದವರಿಗೂ ನಮಗೂ ಎಷ್ಟೋ ವರ್ಷದಿಂದ ಕೋರ್ಟು ಕಚೇರಿ ನಡದ ನಾಲಾ. ನಮ್ಮ ಗುಂಪಿನ್ಯಾಗ ಮೂವತ್ತು ಮಂದಿ, ಅರ್ಧ ಮಂದಿಯ ಬೀಗರು ಗೋವಾದವರು, ಹಂಗಾಗಿ ಆ ಸುದ್ದಿ ಯಾರೂ ತಗೀಲಿಲ್ಲ, ಶಾಣ್ಯಾ ಮಂದಿ. ರಾತ್ರಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವರ ಕಡೆಯಿಂದ ಒಣಮೀನಿನ ಚಟ್ನಿ, ನಾ ಅದನ್ನ ಮುಟ್ಟೂದಿಲ್ಲ ಅಂತ ಗೊತ್ತಿದ್ದ ಒಬ್ಬ ಮೌಶಿ ನನಗಂತ ಬ್ಯಾರೆ ಡಬ್ಬ್ಯಾಗ ಕಾರ್ಯಾಳ ಹಿಂಡಿ, ಅಂದ್ರ ಹುಚ್ಚೆಳ್ಳಿನ ಚಟ್ನಿಪುಡಿ, ತಂದಿದ್ರು. ಊಟ ಆದಮ್ಯಾಲ ನನ್ನ ಕಾಲು ನೋಡಿ ದೋಸ್ತ ಏನೂ ಮಾತಾಡಲಿಲ್ಲ, ಸಾಮಾನು ತುಂಬಿದ ಟೆಂಪೋ ಕಡೆ ಹೋಗಿ ಒಂದು ರಟ್ಟಿನ ಡಬ್ಬಿ ತಂದು ಮುಂದ ಇಟ್ಟ. ಮಾಪುಸಾದಾಗಿರೋ ಅವನ ಭಾವಗ ಅಂತ ಒಯ್ಯಾಕ ಹತ್ತಿದ್ದ ಹೊಸಾ ಜೋಡು. ಒಂಬತ್ತು ನಂಬರ್. ನಂದೂ ಒಂಬತ್ತು.

ಈಗ ಚಪ್ಪಲಿ ಸುದ್ದಿಗೆ ಬರೋಣು. ಹಳದಿ ಬೆಲ್ಲದ ಬಣ್ಣ, ಡಬ್ಬಿ ತಗದ ಕೂಡ್ಲೆ ತೊಗಲಿನ ವಾಸನಿ, ಕೆಮಿಕಲ್ ವಾಸನಿ ಅಲ್ಲ, ಜಾಲಿ ತೊಗಟಿ ನೀರಾಗ ನೆನಸಿದ್ರ ಬರತೈತಲ್ಲ ಅಂಥಾ ಒಗರು ವಾಸನಿ. ಅಟ್ಟಿ ಎಮ್ಮಿ ತೊಗಲು, ಎರಡು ಪದರು, ಮ್ಯಾಲಿನ ಪಟ್ಟಿ ತೆಳ್ಳಂದು, ಅದರ ಮ್ಯಾಲ ಹೆಣ್ಮಕ್ಕಳ ಜಡಿ ಇದ್ದಂಗ ಹೆಣದ ಸಣ್ಣ ಹೆಣಿಗಿ. ಎಲ್ಲೂ ಮೊಳಿ ಇಲ್ಲ. ಹೊಲಿಗಿ ಹಾಕಿದ್ದೂ ದಾರದಿಂದ ಅಲ್ಲ, ತೊಗಲಿಂದನ ಸೀಳಿ ತಗದ ಸಪೂರ ಪಟ್ಟಿಯಿಂದ, ಅಂಚಿನ ಗುಂಟ ಒಂದೊಂದು ಹೊಲಿಗಿ ಜೋಳದ ಕಾಳಿನಷ್ಟ ದೂರ ದೂರ. ಕಾಲು ಹಾಕಿದೆ. ಹಿಮ್ಮಡ ಬಯಲಿಗೆ ಬಂದು ಗುಳ್ಳಿಗೆ ಗಾಳಿ ತಾಗಿತು ನೋಡ್ರಿ, ಆ ಒಂದು ನಿಮಿಷಕ್ಕ ನಾ ಐದಲ್ಲ ಹತ್ತು ಸ್ಟಾರ್ ಕೊಡತಿದ್ದೆ.

ಮುಂಜಾನಿ ನಾಕೂವರಿಗೆ ಹೊಂಟ್ವಿ. ಕಣಕುಂಬಿಯಿಂದ ಚೋರ್ಲಾ ತನಕ ರಸ್ತೆ ಏರಿಳಿತ ಅಷ್ಟ, ಕತ್ತಲಾಗ ಟಾರ್ಚ್ ಹಚ್ಕೊಂಡು ಹೋಗೋದು, ಮುಂದ ಒಬ್ಬಾಂವ ಶಿಲುಬಿ ಹಿಡದು, ಹಿಂದ ಹೆಣ್ಮಕ್ಕಳು ತೇರ್ಸ್ ಹೇಳಕೋತ, ಅಂದ್ರ ಜಪಮಾಲಿ, ಒಬ್ರು ಶುರು ಮಾಡಿದ್ರ ಉಳದವರು ಮುಗಸತಾರ, ಅರ್ಥ ಆಗದಿದ್ರೂ ಹೆಜ್ಜಿಗೆ ತಾಳ ಸಿಗತೈತಿ. ನಮ್ಮಲ್ಲಿ ಮಲ್ಲಯ್ಯನ ಪದ ಹೇಳಿದ್ರ ಹೆಜ್ಜಿ ಜೋರಾಗತಾವ, ಇಲ್ಲಿ ಹೆಜ್ಜಿ ಒಂದೇ ಸಮ ಬೀಳತಾವ, ಅಷ್ಟ ಫರಕು. ಹೊಸಾ ಚಪ್ಪಲಿ ಕಿರ್ ಕಿರ್ ಅಂತ ಸಪ್ಪಳ ಮಾಡತಿತ್ತು, ಒಂದು ಸಣ್ಣ ಹುಡುಗಿ ನನ್ನ ಹಿಂದ ಹಿಂದ ಆ ಸಪ್ಪಳಕ್ಕ ಸರಿಯಾಗಿ ಕುಣಕೋತ ಬಂತು. ಸಪಾಟ ರಸ್ತೆದ ಮ್ಯಾಲ ಮಸ್ತ್ ಐತಿ ಚಪ್ಪಲಿ, ಇದನ್ನ ಬರದಿಟ್ಕೋರಿ.

ಇಳಕಲ ಶುರು ಆತು ನೋಡ್ರಿ, ಕಥಿ ಬದಲಾತು.

ಶೂದಾಗ ಇಳಿದ್ರ ಬೆರಳು ಮುಂದ ಹೋಗಿ ಗ್ವಾಡಿಗೆ ಹೊಡದಂಗ ಹೊಡೀತಾವ, ಅದು ನನಗ ಗೊತ್ತಿತ್ತು. ಚಪ್ಪಲ್ಯಾಗ ಹಂಗಲ್ಲ, ಮುಂದ ತಡಿಯಾಕ ಏನೂ ಇಲ್ಲ, ಕಾಲು ಜಾರಿ ಮುಂದ ಸರೀತೈತಿ, ಆಗ ಇಡೀ ಮೈ ಭಾರ ತಡದು ನಿಲ್ಲಸೋದು ಹೆಬ್ಬಟ್ಟಿಗೆ ಹಾಕೋ ಉಂಗುಟ ಒಂದ. ನನ್ನ ತೂಕ 84 ಕಿಲೋ. ಉಂಗುಟ ಹೊಸಾದು, ಬಿರುಸು, ಅದರ ಒಳಗಿನ ಅಂಚು ಹಪ್ಪಳದ ಅಂಚು ಇದ್ದಂಗ. ಒಂದೊಂದು ತಿರುವಿಗೂ ಒಂದೊಂದು ಕೊಯ್ತ. ನಾಕನೇ ತಿರುವಿಗೋ ಐದನೇದಕ್ಕೋ ನೋಡಿದ್ರ ಉಂಗುಟ ಕೆಂಪಗ ಆಗೈತಿ. ಬಾಜೂಕ ಲಾರಿ, ಗೋವಾ ಕಡೆ ಹೋಗೋ ಕಾಯಿಪಲ್ಯಾದ ಗಾಡಿ, ಶನಿವಾರ ಆಯಿತವಾರದ ಕಾರುಗಳು ಹಾರ್ನ್ ಹೊಡಕೋತ, ರಸ್ತೆ ಅಂಚಿಗೆ ಜಾಗಾನ ಇಲ್ಲ, ತಡೆಗೋಡಿ ಹಿಡಕೊಂಡು ಬಾಜು ಬಾಜು ಏಡಿಗತೆ ಇಳೀಲಿಕ್ಕ ಹತ್ತಿದೆ. ಗುಂಪು ಮುಂದ ಹೋತು. ತೇರ್ಸ್ ದನಿ ಕೆಳಗಿನ ತಿರುವಿನಿಂದ ಕೇಳಾಕ ಹತ್ತಿತು, ಆಮ್ಯಾಲೆ ಅದೂ ಇಲ್ಲ.

ದೋಸ್ತ ಮಾತ್ರ ನನ್ನ ಜೋಡಿ ಉಳಿದ. ಅವಗೂ ಎಡಮೊಣಕಾಲು ಸರಿ ಇಲ್ಲ, ಅದರ ಹಿಂದಿನ ವರ್ಷ ಗಾಡಿ ಮ್ಯಾಲಿಂದ ಬಿದ್ದಿದ್ದ, ಇಳಕಲಿಗೆ ಅವನೂ ಹಲ್ಲು ಕಚ್ಚಿಕೊಂಡ ಇಳಿಯಾಕ ಹತ್ತಿದ್ದ, ಆದ್ರ ಹೇಳೂದಿಲ್ಲ. ನೀ ಟೆಂಪೋ ಹತ್ತಿಬಿಡು, ಹರಕಿ ನಂದು, ನಿಂದೇನೈತಿ ಅಂದ. ಖರೇ ಹೇಳ್ತೀನಿ, ಆ ಮಾತಿಗೆ ನನಗ ಸಿಟ್ಟು ಬಂದಷ್ಟು ಆ ಶೂ ಅಂಗಡಿಯವನ ಮ್ಯಾಲೂ ಬಂದಿರಲಿಲ್ಲ. ಕರಕೊಂಡು ಬಂದಾಂವ ನೀನು, ನಿನ್ನ ಭಾವನ ಚಪ್ಪಲಿ ನನ್ನ ಕಾಲು ತಿನ್ನಾಕ ಹತ್ತೈತಿ, ಈಗ ನಿಂದೇನೈತಿ ಅಂತೀ ಅಂತ ಒದರಿದೆ. ಅಂವಾ ಹಾಂಗಾದ್ರ ಬರಿಗಾಲಾಗ ನಡಿ, ಶ್ರೀಶೈಲದ ಶೂರ ಅಲ್ಲೇನ ನೀನು ಅಂದ. ಹತ್ತು ನಿಮಿಷ ಇಬ್ರೂ ಮಾತಿಲ್ಲ, ಕಥಿ ಇಲ್ಲ, ಅಂವಾ ಹತ್ತು ಹೆಜ್ಜಿ ಮುಂದ, ನಾ ಹಿಂದ. ಆದ್ರ ಪ್ರತಿ ತಿರುವಿನ್ಯಾಗ ಅಂವಾ ನಿಂತು ಬೂಟಿಲ್ಲದ ಕಾಲಿಗೆ ಲೇಸ್ ಕಟ್ಟೋರಗತೆ ಬಗ್ಗಿ ಏನೋ ಮಾಡತಿದ್ದ, ನಾ ಹತ್ರ ಬರೋ ತನಕ. ಚಪ್ಪಲಿಗೆ ಎಲ್ಲಿ ಲೇಸ್.

ಹಿಂದಿಂದ ಆ ಕಾರ್ಯಾಳ ಹಿಂಡಿ ಮೌಶಿ ಬಂದ್ರು, ನಾವ ಕಡೀಕ ಅಂತ ತಿಳದಿದ್ವಿ, ನಮಗಿಂತ ಕಡೀಕ ಅವರು. ಅರವತ್ತೈದರ ಮ್ಯಾಲ ವಯಸ್ಸು, ಬರಿಗಾಲು. ನನ್ನ ಕಾಲು ನೋಡಿದವರನ ಚಪ್ಪಲಿ ಬಿಚ್ಚಿಸಿದ್ರು. ರಸ್ತೆ ಬದೀಗೆ ಒಂದು ಕಲ್ಲಿನ ಮ್ಯಾಲ ಉಂಗುಟ ಇಟ್ಟು, ಇನ್ನೊಂದು ದುಂಡ ಕಲ್ಲಿಲೆ ಮೆಲ್ಲಕ, ಮೆಣಸಿನಕಾಯಿ ಜಜ್ಜೋರಗತೆ, ಎರಡೂ ಕಡೆ ಜಜ್ಜಿದ್ರು, ತಮ್ಮ ಚೀಲದಾಗಿಂದ ತಲಿಗೆ ಹಚ್ಚೋ ಕೊಬ್ಬರಿ ಎಣ್ಣಿ ಬಾಟ್ಲಿ ತಗದು ಬೊಟ್ಟಿಲೆ ಒಳಗ ತಿಕ್ಕಿದ್ರು, ಮತ್ತ ಜಜ್ಜಿದ್ರು. ದೋಸ್ತ ತನ್ನ ಕರವಸ್ತ್ರ ಸೀಳಿ ಪಟ್ಟಿ ಮಾಡಿ ನನ್ನ ಹೆಬ್ಬಟ್ಟಿಗೆ ಸುತ್ತಿದ. ಐದು ನಿಮಿಷದ ಕೆಲಸ. ಉಂಗುಟ ಹಸಿ ಹುಣಸಿ ಸಿಪ್ಪಿ ಇದ್ದದ್ದು ನೆನೆದ ಹುಣಸಿ ಆದಂಗ ಆತು. ಇದನ್ನ ಹಿಂದಿನ ರಾತ್ರಿ ಮಾಡಿದ್ರ ಈ ರಿವ್ಯೂ ಐದು ಸ್ಟಾರ್ ಆಗತಿತ್ತು. ಮೌಶಿ ನಮ್ಮನ್ನ ಬಿಟ್ಟು ಮುಂದ ಹೋಗೇಬಿಟ್ರು.

ಆಮ್ಯಾಲ ಮಾತು ಶುರು ಆದ್ವು. ನನ್ನ ಹೆಬ್ಬಟ್ಟ ನೋಡಿ ದೋಸ್ತಗ ನಗು ಬಂತು, ಸಾಯಬಂದೂ ಹೆಬ್ಬಟ್ಟಿಂದ ಒಂದು ಕಥಿ ಐತಿ ಅಂದ. ಜೇವಿಯರ್ ತೀರಿಕೊಂಡಿದ್ದು 1552ರ ಡಿಸೆಂಬರ್ 3ಕ್ಕ, ಚೀನಾ ಹತ್ರ ಒಂದು ನಡುಗಡ್ಡಿ ಮ್ಯಾಲ, ದೇಹ ಗೋವಾಕ್ಕ ಬಂದದ್ದು 1554ರಾಗ. ಆಗ ದರ್ಶನಕ್ಕ ಬಂದ ಒಬ್ಬ ಪೋರ್ಚುಗೀಸ್ ಹೆಣ್ಮಗಳು ಕಾಲಿಗೆ ಮುತ್ತು ಕೊಡೋ ನೆವದಾಗ ಕಾಲ್ಬೆರಳು ಕಚ್ಚಿಕೊಂಡು ಹೋದ್ಲು ಅಂತ ಹೇಳ್ತಾರ, ಭಕ್ತಿ ಅದು. ಬಲಗೈ ಅಂತೂ 1614ರಾಗ ರೋಮಕ್ಕ ಹೋಗೈತಿ. ನಾ ಬಿಡ್ತೀನೇನ, ಚಪ್ಪಲಿ ಹೊಲಿಯೋ ಶರಣ ಹರಳಯ್ಯನ ಕಥಿ ಹೇಳಿದೆ. ತಾ ಶರಣು ಅಂದದ್ದಕ್ಕ ಬಸವಣ್ಣ ಶರಣು ಶರಣಾರ್ಥಿ ಅಂದದ್ದು ತನಗ ಹೆಚ್ಚಾತು ಅಂತ ಹರಳಯ್ಯ, ಕಲ್ಯಾಣಮ್ಮ ಇಬ್ರೂ ತಮ್ಮ ತೊಡಿ ಚರ್ಮ ತಗದು ಚಮ್ಮಾವುಗಿ ಮಾಡಿ ಒಯ್ದದ್ದು, ಬಸವಣ್ಣ ಅದನ್ನ ಕಾಲಿಗೆ ಹಾಕಲಿಲ್ಲ, ತಲಿ ಮ್ಯಾಲ ಇಟ್ಕೊಂಡಿದ್ದು. ದೋಸ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಮ್ಮ ಕಥಿ ಭಾರಿ ಐತಿ ಅಂದ. ಆಮ್ಯಾಲೆ, ಸ್ಪೇನ್‌ದಾಗ ಸಾಯಬ ಹುಟ್ಟಿದ ನವಾರಾದಾಗೂ ಮಂದಿ ಮಾರ್ಚ್ ತಿಂಗಳದಾಗ ಅವನ ಹುಟ್ಟಿದ ಕೋಟಿಗೆ ನಡಕೋತ ಹೋಗತಾರಂತ, ಪ್ಯಾಂಪ್ಲೋನಾದಿಂದ 50 ಕಿಲೋಮೀಟರ್ ಆಜುಬಾಜು, ಹಾವಿಯೆರಾದಾ ಅಂತಾರ ಅದಕ್ಕ, ಒಮ್ಮೆ ಹೋಗೋಣು ಅಂದ. ನಾ ಮೊದಲ ಘಟ್ಟದ ಕೆಳಗಿನ ಕೇರಿ ಊರು ಮುಟ್ಟೋಣಪಾ ಅಂದೆ.

ಕೇರಿ ಮುಟ್ಟಿದಾಗ ಮಧ್ಯಾಹ್ನ ಎರಡು. ಘಟ್ಟದ ಮ್ಯಾಲಿನ ಥಂಡಿ ಹೋಗಿ ಕೆಳಗ ಜಿಬಿಜಿಬಿ ಸೆಖೆ, ಕಾಲು ಬಾತು ಡಬಲ್. ಇಲ್ಲಿ ಚಪ್ಪಲಿಯ ಇನ್ನೊಂದು ಗುಣ ಗೊತ್ತಾತು, ಡಾಂಬರು ಸುಡೋವಾಗೂ ಅಟ್ಟಿ ಒಳಗ ಬಿಸಿ ಹತ್ತಲಿಲ್ಲ, ಕಾಲು ಬಾತ್ರೂ ಬಿಗಿ ಆಗಲಿಲ್ಲ, ಶೂದಾಗ ಇದ್ದಿದ್ರ ಕತ್ತರಿಸಿ ತಗೀಬೇಕಿತ್ತು. ಸಾಂಖಳಿ ತನಕ ಹೆಂಗ ಹೋದೆ ನನಗ ನೆಪ್ಪಿಲ್ಲ, ರಾತ್ರಿ ಉಳಿದ ಕಡೆ ಬಕೆಟಿನ್ಯಾಗ ಉಪ್ಪು ನೀರು ಹಾಕಿ ಇಬ್ರೂ ಒಂದ ಬಕೆಟಿನ್ಯಾಗ ಕಾಲಿಟ್ಟು ಕುಂತಿದ್ದು ನೆಪ್ಪೈತಿ, ನೀರು ಚಹಾದ ಬಣ್ಣಕ್ಕ ಬಂತು, ಅರ್ಧ ನನ್ನ ರಕ್ತ, ಅರ್ಧ ಚಪ್ಪಲಿ ಬಣ್ಣ. ಹಾಂ, ಬಣ್ಣ ಬಿಡತೈತಿ, ಮೊದಲನೇ ಎರಡು ವಾರ ಬಿಳಿ ಸಾಕ್ಸ್ ಗಿಕ್ಸ್ ಹಾಕಬ್ಯಾಡ್ರಿ.

ಮರುದಿನ ಮಾರ್ಸೆಲ್ ಮ್ಯಾಲಿಂದ ಓಲ್ಡ್ ಗೋವಾ. ದೇಹ ಆಗ ಬೋಂ ಜೀಸಸ್ ಚರ್ಚಿನಿಂದ ಎದುರಿನ ಸೆ ಕೆಥೆಡ್ರಲ್‌ಗೆ ಒಯ್ದು ಇಟ್ಟಿದ್ರು, ಲೈನ್ ಅಂದ್ರ ಲೈನ್, ಮೂರು ತಾಸು. ನಾ ರೂಢಿ ಪ್ರಕಾರ ಬಾಗಲದಾಗ ಚಪ್ಪಲಿ ಬಿಟ್ಟು ಹೊಂಟೆ, ದೋಸ್ತ ಹಾಕ್ಕೊಂಡೇ ಬಾ ಇಲ್ಲಿ ಬಿಡೂದಿಲ್ಲ ಅಂದ, ನನಗ ಮನಸ್ಸು ಒಪ್ಪಲಿಲ್ಲ, ಹೊರಗ ಬಿಟ್ರ ಭಾವನ ಚಪ್ಪಲಿ ಯಾರರೆ ಎತ್ತಿದ್ರ ಅಂತ ಚಿಂತಿ, ಕಡೀಕ ಪ್ಲಾಸ್ಟಿಕ್ ಚೀಲದಾಗ ಹಾಕಿ ಕಂಕಳಾಗ ಹಿಡಕೊಂಡು ದರ್ಶನ ಮಾಡಿದೆ. ಗಾಜಿನ ಪೆಟ್ಟಿಗಿ ಮುಂದ ನಿಲ್ಲಾಕ ಎರಡು ಸೆಕೆಂಡ್ ಸಿಕ್ಕತು. ನಾ ಮುಖ ನೋಡಲಿಲ್ಲ, ಕಾಲು ನೋಡಿದೆ.

ಭಾವ ಮಾಪುಸಾದಿಂದ ಬಂದಿದ್ದ. ಚಪ್ಪಲಿ ನೋಡಿದ, ನನ್ನ ಹೆಬ್ಬಟ್ಟ ನೋಡಿದ, ಇದು ನಿಮ್ಮದಾತು ಬಿಡ್ರಿ, ರಕ್ತ ಸಂಬಂಧ ಅಂದ. ಹಿಂಗಾಗಿ ಅವಗೊಂದು ಜೋಡು ನನ್ನ ಮ್ಯಾಲ ಸಾಲ ಉಳೀತು. ಜನವರಿಯಾಗ ಊರಿಗೆ ಹೋದಾಗ ಅಲ್ಲಿಂದ ಅಥಣಿಗೆ ಹೋದೆ. ಕೆಲಸಗಾರರ ಮನಿ ಅಂದ್ರ ಮನೀನ, ಶೋರೂಮ್ ಅಲ್ಲ, ಪಡಸಾಲ್ಯಾಗ ಗಂಡಸರು ತೊಗಲು ಕೊಯ್ಯೋದು, ಬಾಗಲ ಹತ್ರ ಬೆಳಕಿಗೆ ಕುಂತ ಹೆಣ್ಮಕ್ಕಳು ಹೆಣಿಯೋದು. ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲಿಗಷ್ಟ ಈ ಬಣ್ಣ ಬರತೈತಿ ಅಂದ್ರು. ಕೊಲ್ಹಾಪುರಿ ಅಂತ ಇಡೀ ದೇಶ ಕರೆಯೋ ಚಪ್ಪಲಿಯಾಗ ಎಷ್ಟೋ ಜೋಡು ನಮ್ಮ ಅಥಣಿ, ನಿಪ್ಪಾಣಿ ಕಡೇವು. 2019ರಾಗ ಜಿಐ ಟ್ಯಾಗ್ (ಈ ವಸ್ತು ಈ ಸೀಮಿದು ಅನ್ನೋ ಸರ್ಕಾರಿ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲಾದ ಜೋಡಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರ ನಾಕೂ ಸೇರ್ಯಾವ, ಹೆಸರು ಮಾತ್ರ ಕೊಲ್ಹಾಪುರದ್ದ. 2025ರ ಜೂನ್‌ದಾಗ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾ ಮಿಲಾನ್‌ದಾಗ ಇದೇ ನಮೂನಿ ಚಪ್ಪಲಿ ತೋರಿಸಿ, ಮೊದಲ ಎಲ್ಲೀದು ಅಂತ ಹೇಳಲಿಲ್ಲ, ಗದ್ದಲ ಆದಮ್ಯಾಲ ಒಪ್ಕೊಂಡ್ರು, ಆಗ ನಮ್ಮ ಆಫೀಸಿನ್ಯಾಗ ಎಲ್ಲಾರೂ ನನ್ನ ಕಾಲ ನೋಡಿದವರ. ಭಾವನ ಜೋಡಿಗೆ ನಾ ಕೊಟ್ಟಿದ್ದು 1,400 ರೂಪಾಯಿ.

ತಗೋಳೋರಿಗೆ ನಾ ಹೇಳೋದಿಷ್ಟ. ಬಜಾರದಾಗ ರೆಕ್ಸಿನ್ ಮ್ಯಾಲ ಮಿಷನ್ ಹೊಲಿಗಿ ಹಾಕಿ 350ಕ್ಕ ಮಾರೋವೂ ಅದಾವ, ಅವು ಮಳಿಗೆ ಅಲ್ಲ ಮೋಡಕ್ಕ ಬಿಚ್ಚತಾವ. ಅಂಚಿನ ಹೊಲಿಗಿ ತೊಗಲಿಂದೋ ದಾರದ್ದೋ ನೋಡ್ರಿ, ಅಟ್ಟಿ ತಿರುವಿ ಮೊಳಿ ಐತೇನು ನೋಡ್ರಿ, ಮೂಗಿಗೆ ಹಿಡೀರಿ. ತಂದ ದಿನ ರಾತ್ರಿ ಎಣ್ಣಿ ಕುಡಸ್ರಿ, ಉಂಗುಟಕ್ಕ ಎರಡು ಸಲ, ದಿನಕ್ಕ ಒಂದು ತಾಸು ಮನ್ಯಾಗ ಹಾಕ್ಕೊಂಡು ತಿರಗ್ರಿ, ಹದಿನೈದು ದಿನ ಕಚ್ಚತೈತಿ, ಆಮ್ಯಾಲ ಕಾಲಿಗೆ ಹಾಕ್ಕೊಂಡೀರೋ ಇಲ್ಲೋ ಅನ್ನೋದು ಮರತಹೋಗತೈತಿ. ಮಳಿಗಾಲದಾಗ ಹೊರಗ ತಗೀಬ್ಯಾಡ್ರಿ. ಬೆಳಗಾವಿ ಮಳಿ ಹೆಂಗಂತ ಗೊತ್ತಲ್ಲ, ಜುಲೈದಾಗ ನಾ ಒಮ್ಮೆ ಮರತು ಬಾಗಲದಾಗ ಬಿಟ್ಟಿದ್ದೆ, ಮುಂಜಾನಿ ಬೂಸ್ಟು ಹತ್ತಿ ಬೆಳ್ಳಗ ಅಂಬಲಿ ಸುರದಂಗ ಆಗಿತ್ತು, ಒರಸಿ, ನೆರಳಾಗ ಒಣಗಿಸಿ, ಎಣ್ಣಿ ಹಚ್ಚಿ ವಾಪಸ್ ತರಾಕ ವಾರ ಹಿಡೀತು, ಬಿಸಲಿಗೆ ಇಟ್ರ ಸಿಡದುಹೋಗತಿತ್ತು. ಹಸಿ ಟೈಲ್ಸ್ ಮ್ಯಾಲ ಜಾರತಾವ, ಮಾಲ್‌ಗಿಲ್ ಹೋಗೋವಾಗ ಜ್ವಾಕಿ. ವರ್ಷದಾಗ ಬಲಗಾಲಿನ ಹಿಮ್ಮಡದ ಹೊರಗಿನ ಮೂಲಿ ಸವದಿತ್ತು, ಒಬ್ಬರು ತೊಗಲಿನ ತುಂಡು ಹಾಕಿ ಕೈಲೇ ಹೊಲದು ಕೊಟ್ರು, 120 ರೂಪಾಯಿ. ಆ 4,600ರ ಶೂ ಈಗ ನಮ್ಮ ಮಾಳಗಿ ಮ್ಯಾಲ ಐತಿ, ಒಂದರಾಗ ಗುಬ್ಬಿ ಗೂಡು ಕಟ್ಟೈತಿ.

ಮತ್ತ ಟ್ರೆಕ್ಕಿಂಗ್‌ಗೆ ಇದು ನಡೀತೈತೇನು ಅಂತ ಕೇಳೋರಿಗೆ, ಹಳೇದಾಗಿದ್ರ ನಡೀತೈತಿ, ಹೊಸಾದಿದ್ರ ಘಟ್ಟಕ್ಕ ಒಯ್ಯಬ್ಯಾಡ್ರಿ. ದೋಸ್ತನ ಮೂರು ವರ್ಷದ ಬದನಿಕಾಯಿ ಸಿಪ್ಪಿಗೆ ಒಂದು ಹೊಲಿಗೀನೂ ಬಿಚ್ಚಿರಲಿಲ್ಲ.

ಭಾವಗ ಕಳಿಸಿದ ಜೋಡು ಮಾತ್ರ ಸಣ್ಣದಾತು. ಕಾಲಿನ ಅಳತಿ ವಾಟ್ಸಾಪ್‌ದಾಗ ಫೋಟೋ ತರಿಸಿದ್ದೆ, ಅಲ್ಲೇ ಎಡವಟ್ಟಾತು, ಈಗ ಅದನ್ನ ಅವನ ಮಗ ಹಾಕ್ಕೊಂಡು ಕಾಲೇಜಿಗೆ ಹೋಗತಾನಂತ. ಈ ಸಲ ರಟ್ಟಿನ ಮ್ಯಾಲ ಕಾಲಿಟ್ಟು ಪೆನ್ಸಿಲ್ಲಿಲೆ ಗೆರಿ ಎಳದು ಕಳಸು ಅಂತ ಹೇಳೇನಿ. ನಿನ್ನೆ ಬಂತು, ಪೋಸ್ಟಿನ್ಯಾಗ, ಎರಡೂ ಕಾಲಿಂದೂ ಗೆರಿ ಹೊಡದು, ಎಡಗಾಲಿನ ಹೆಬ್ಬಟ್ಟಿನ ಹತ್ರ ಬಾಣ ಮಾಡಿ ಇಲ್ಲಿ ಸಡ್ಲ ಇರಲಿ ಅಂತ ಬರದಾನ. ಶನಿವಾರ ಅಥಣಿಗೆ ಹೊಂಟೇನಿ.